ಹೈಡ್ರೋಜನ್ ಬಂಧ ದುರ್ಬಲ ಅಂದ ಮೇಲೆ ಡಿಎನ್‌ಎ ಹೇಗೆ ನಿಲ್ಲುತ್ತದೆ?

ಪ್ರಶ್ನೆ: ನಾನು ಪದವಿಯ ಮೊದಲ ವರ್ಷದಲ್ಲಿ ಜೀವಶಾಸ್ತ್ರ ಓದುತ್ತಿದ್ದೇನೆ. ಜೀವಕೋಶ, ಜೀನ್, ವಿಕಾಸ ಅಂದರೆ ನನಗೆ ಪ್ರಾಣ. ಆದರೆ ಪುಸ್ತಕದ ಮೊದಲ ಅಧ್ಯಾಯಗಳ ತುಂಬಾ ಪರಮಾಣು, ಬಂಧ, ನೀರು, ಪಿಎಚ್ ಇವೇ ಇವೆ. ಬಾಯಿಪಾಠ ಮಾಡಿ ಕಿರುಪರೀಕ್ಷೆ ಪಾಸಾದೆ, ಅರ್ಥ ಮಾತ್ರ ಆಗಿಲ್ಲ. ಹೈಡ್ರೋಜನ್ ಬಂಧ ದುರ್ಬಲ ಅಂತಾರೆ, ಅದೇ ಬಂಧ ಡಿಎನ್‌ಎಯ ಎರಡು ಎಳೆಗಳನ್ನು ಹಿಡಿದಿಡುತ್ತದೆ ಅಂತಲೂ ಹೇಳ್ತಾರೆ. ಉಪ್ಪಿನ ಅಯಾನಿಕ್ ಬಂಧ ಗಟ್ಟಿಯಂತೆ, ಆದರೆ ನೀರಿಗೆ ಹಾಕಿದ ಕೂಡಲೇ ಉಪ್ಪು ಕರಗುತ್ತದೆ. ಎಣ್ಣೆ ನೀರನ್ನು ದೂರ ತಳ್ಳುತ್ತದಂತೆ, ಹೇಗೆ ಅಂತ ಯಾರೂ ಹೇಳಲ್ಲ. ಕೋಶ ಶಕ್ತಿಗಾಗಿ ಬಳಸುವ ಎಟಿಪಿ ಅಣುವಿನ ಬಂಧ ಮುರಿದರೆ ಶಕ್ತಿ ಬರುತ್ತದೆ ಅಂತ ಜೀವಶಾಸ್ತ್ರದ ತರಗತಿಯಲ್ಲಿ ಕೇಳಿದೆ, ಬಂಧ ಮುರಿಯಲು ಶಕ್ತಿ ಬೇಕು ಅಂತ ಕೆಮಿಸ್ಟ್ರಿ ತರಗತಿಯಲ್ಲಿ ಕೇಳಿದೆ. ರಕ್ತದ ಪಿಎಚ್ 7.4 ಇದ್ದದ್ದು 7.1 ಆದರೆ ಏನು ಮಹಾ ವ್ಯತ್ಯಾಸ? ನಾನು ಕೆಮಿಸ್ಟ್ರಿಯನ್ನು ಮೊದಲಿಂದ ಓದಬೇಕಾ, ಇಲ್ಲ ಇದನ್ನು ಹೀಗೇ ಬಿಟ್ಟು ಮುಂದೆ ಹೋಗಬಹುದಾ?

ಉತ್ತರ: ಗಟ್ಟಿ ಅನ್ನುತ್ತಾರೆ, ಕರಗುತ್ತದೆ. ದುರ್ಬಲ ಅನ್ನುತ್ತಾರೆ, ಹಿಡಿದಿಡುತ್ತದೆ. ಪುಸ್ತಕ ತಾನು ಹೇಳಿದ್ದನ್ನು ತಾನೇ ಅಲ್ಲಗಳೆಯುತ್ತಿದೆ ಅನ್ನುವುದು ನಿಮ್ಮ ಕಳವಳ, ಅಲ್ವಾ? ಜೀವಶಾಸ್ತ್ರದ ವಿದ್ಯಾರ್ಥಿಗಳಿಗೆ ಜೀವರಸಾಯನ ಕಲಿಸುವ ನನಗೆ ಈ ಗೊಂದಲ ಪ್ರತಿ ವರ್ಷ ಎದುರಾಗುತ್ತದೆ. ಇದು ನಿಮ್ಮ ದಡ್ಡತನವಲ್ಲ. ಆ ವಾಕ್ಯಗಳಲ್ಲಿ ಒಂದು ಮಾತು ಬಿಟ್ಟುಹೋಗಿದೆ, ನಿಮ್ಮ ಮನಸ್ಸು ಅದನ್ನು ಸರಿಯಾಗಿಯೇ ಹುಡುಕುತ್ತಿದೆ.

ಬಿಟ್ಟುಹೋದ ಮಾತು "ನೀರಿನಲ್ಲಿ". ಜೀವಕೋಶದಲ್ಲಿ ನಡೆಯುವ ಹೆಚ್ಚುಕಡಿಮೆ ಎಲ್ಲವೂ ನೀರಿನೊಳಗೆ ನಡೆಯುತ್ತದೆ. ನೀರು ಅಲ್ಲಿ ಸುಮ್ನೆ ಜಾಗ ತುಂಬಿಕೊಂಡು ಕೂತಿಲ್ಲ. ಪ್ರತಿಯೊಂದು ಸೆಳೆತದಲ್ಲೂ ಅದು ಕೈ ಹಾಕುತ್ತದೆ. ನಿಮ್ಮ ಪ್ರತಿ ಪ್ರಶ್ನೆಗೂ ನೀರನ್ನು ಲೆಕ್ಕಕ್ಕೆ ಸೇರಿಸಿ ನೋಡಿದರೆ ವಿರೋಧ ತಾನಾಗಿ ಬಿಡಿಸಿಕೊಳ್ಳುತ್ತದೆ.

ಪರಮಾಣುವಿನ ಬಗ್ಗೆ ನಿಮಗೆ ಈಗ ಬೇಕಿರುವುದು ಬಹಳ ಕಡಿಮೆ. ಪ್ರೋಟಾನುಗಳ ಸಂಖ್ಯೆ ಅದು ಯಾವ ಧಾತು ಅಂತ ಹೇಳುತ್ತದೆ. 6 ಇದ್ದರೆ ಕಾರ್ಬನ್, 8 ಇದ್ದರೆ ಆಕ್ಸಿಜನ್. ನ್ಯೂಟ್ರಾನ್ ಹೆಚ್ಚುಕಡಿಮೆಯಾದರೆ ತೂಕ ಬದಲಾಗುತ್ತದೆ, ಧಾತು ಬದಲಾಗುವುದಿಲ್ಲ. ಕಾರ್ಬನ್-14 ಕೂಡ ಕಾರ್ಬನ್ನೇ. ಸಸ್ಯ ಅದನ್ನು ಕಾರ್ಬನ್-12ರ ಹಾಗೆಯೇ ಬಳಸಿಕೊಳ್ಳುತ್ತದೆ, ಆದರೆ ಅದು ವಿಕಿರಣ ಹೊರಸೂಸುವುದರಿಂದ ಎಲ್ಲಿ ಹೋಯಿತು ಅಂತ ನಾವು ಪತ್ತೆ ಮಾಡಬಹುದು. ದ್ಯುತಿಸಂಶ್ಲೇಷಣೆಯಲ್ಲಿ ಕಾರ್ಬನ್ ಸಾಗುವ ದಾರಿಯನ್ನು ಮೆಲ್ವಿನ್ ಕ್ಯಾಲ್ವಿನ್ ಮತ್ತು ಸಂಗಡಿಗರು ಕಂಡುಹಿಡಿದದ್ದು ಹೀಗೆಯೇ. 1961ರ ನೊಬೆಲ್ ಬಂದದ್ದು ಆ ಕೆಲಸಕ್ಕೆ.

ಇನ್ನು ಎಲೆಕ್ಟ್ರಾನ್. ರಾಸಾಯನಿಕ ಕ್ರಿಯೆ ಅಂದರೆ ಹೊರಗಿನ ಎಲೆಕ್ಟ್ರಾನುಗಳ ವ್ಯವಹಾರ. ಸೋಡಿಯಂ ಲೋಹದ ತುಂಡು ನೀರಿಗೆ ಬಿದ್ದರೆ ಸಿಡಿಯುತ್ತದೆ. ಒಂದೇ ಒಂದು ಎಲೆಕ್ಟ್ರಾನ್ ಕಳೆದುಕೊಂಡ ಸೋಡಿಯಂ, ಅಂದರೆ ಚಾರ್ಜ್ ಹೊತ್ತ ಸೋಡಿಯಂ ಅಯಾನು, ನಿಮ್ಮ ರಕ್ತದಲ್ಲಿ ಈಗಲೂ ತಣ್ಣಗೆ ಓಡಾಡುತ್ತಿದೆ. ಎಲೆಕ್ಟ್ರಾನುಗಳು ಗ್ರಹಗಳಂತೆ ಸುತ್ತುವ ಚಿತ್ರ 1913ರಲ್ಲಿ ನೀಲ್ಸ್ ಬೋರ್ ಕೊಟ್ಟ ಮಾದರಿಯಿಂದ ಬಂದದ್ದು. 1920ರ ದಶಕದಲ್ಲೇ ಅದರ ಬದಲಿಗೆ, ಎಲೆಕ್ಟ್ರಾನ್ ಎಲ್ಲಿ ಸಿಗುವ ಸಾಧ್ಯತೆ ಎಷ್ಟು ಅಂತ ಹೇಳುವ ಮೋಡದಂಥ ಚಿತ್ರ ಬಂತು. ಹೊರಗಿನ ಎಲೆಕ್ಟ್ರಾನುಗಳನ್ನು ಎಣಿಸಲು ಹಳೆಯ ಚಿತ್ರವೇ ಸಾಕು. ಅದು ಪರಮಾಣುವಿನ ನಿಜವಾದ ರೂಪ ಅಂತ ಮಾತ್ರ ನಂಬಬೇಡಿ.

ಈಗ ನೀರು. ಇಲ್ಲಿ ಅವಸರ ಬೇಡ, ಉಳಿದದ್ದೆಲ್ಲ ನಿಂತಿರುವುದು ಇದರ ಮೇಲೆ.

ಒಂದು ಆಕ್ಸಿಜನ್, ಎರಡು ಹೈಡ್ರೋಜನ್. ಇವು ಎಲೆಕ್ಟ್ರಾನುಗಳನ್ನು ಹಂಚಿಕೊಂಡು ಕೋವೇಲೆಂಟ್ ಬಂಧ ಕಟ್ಟಿಕೊಂಡಿವೆ. ಆದರೆ ಹಂಚಿಕೆ ಸಮವಾಗಿಲ್ಲ. ಎಲೆಕ್ಟ್ರಾನುಗಳನ್ನು ತನ್ನ ಕಡೆ ಎಳೆಯುವ ಗುಣಕ್ಕೆ ಎಲೆಕ್ಟ್ರೋನೆಗೆಟಿವಿಟಿ ಅನ್ನುತ್ತೇವೆ. ಲೈನಸ್ ಪೌಲಿಂಗ್ ರೂಪಿಸಿದ ಅಳತೆಯಲ್ಲಿ ಆಕ್ಸಿಜನ್ 3.44, ನೈಟ್ರೋಜನ್ 3.04, ಕಾರ್ಬನ್ 2.55, ಹೈಡ್ರೋಜನ್ 2.20. ಹಾಗಾಗಿ ನೀರಿನಲ್ಲಿ ಎಲೆಕ್ಟ್ರಾನುಗಳು ಹೆಚ್ಚು ಹೊತ್ತು ಆಕ್ಸಿಜನ್ ಬಳಿಯೇ ಇರುತ್ತವೆ. ಆಕ್ಸಿಜನ್ ತುದಿಗೆ ಸ್ವಲ್ಪ ಋಣ ಚಾರ್ಜ್, ಹೈಡ್ರೋಜನ್ ತುದಿಗಳಿಗೆ ಸ್ವಲ್ಪ ಧನ ಚಾರ್ಜ್. ಈ ನಾಲ್ಕು ಅಂಕಿಗಳನ್ನು ನೆನಪಿಟ್ಟುಕೊಳ್ಳಿ. ಬಾಯಿಪಾಠ ಮಾಡಲೇಬೇಕಾದ ಕೆಲವೇ ಸಂಗತಿಗಳಲ್ಲಿ ಇದೊಂದು. ಕಾರ್ಬನ್ ಮತ್ತು ಹೈಡ್ರೋಜನ್ ನಡುವಿನ ಅಂತರ ಎಷ್ಟು ಚಿಕ್ಕದು ನೋಡಿ. ಎಣ್ಣೆಯ ವಿಷಯಕ್ಕೆ ಬಂದಾಗ ಅದು ಬೇಕಾಗುತ್ತದೆ.

ಆಕಾರವೂ ಮುಖ್ಯ. ಕಾರ್ಬನ್ ಡೈಆಕ್ಸೈಡಿನಲ್ಲೂ ಹಂಚಿಕೆ ಅಸಮವೇ. ಆದರೆ ಅದು ನೇರ ಗೆರೆಯಂಥ ಅಣು, ಎರಡು ಕಡೆಯ ಎಳೆತಗಳು ಒಂದನ್ನೊಂದು ಹೊಡೆದುಹಾಕುತ್ತವೆ. ನೀರಿನ ಅಣು ಬಾಗಿದೆ, ಕೋನ 104.5 ಡಿಗ್ರಿ. ಅಲ್ಲಿ ಎಳೆತಗಳು ರದ್ದಾಗುವುದಿಲ್ಲ. ಕಾರ್ಬನ್ ಡೈಆಕ್ಸೈಡ್ ಕೋಶಪೊರೆಯನ್ನು ಸಲೀಸಾಗಿ ದಾಟುವುದಕ್ಕೂ, ನೀರು ವೇಗವಾಗಿ ದಾಟಬೇಕಾದ ಕಡೆ ಅಕ್ವಾಪೊರಿನ್ ಎಂಬ ಪ್ರೋಟೀನ್ ಕಾಲುವೆ ಬೇಕಾಗುವುದಕ್ಕೂ ಈ ವ್ಯತ್ಯಾಸವೇ ಮುಖ್ಯ ಕಾರಣ.

ಒಂದು ಅಣುವಿನ ಧನ ತುದಿ ಪಕ್ಕದ ಅಣುವಿನ ಋಣ ತುದಿಯನ್ನು ಸೆಳೆದರೆ ಅದು ಹೈಡ್ರೋಜನ್ ಬಂಧ. ನೀರಿನ ಒಂದು ಅಣುವನ್ನು ಒಳಗಿನಿಂದ ಹಿಡಿದಿಡುವುದು ಕೋವೇಲೆಂಟ್ ಬಂಧ, ಹೈಡ್ರೋಜನ್ ಬಂಧ ಇರುವುದು ಅಣು ಅಣುಗಳ ನಡುವೆ. ಇವೆರಡನ್ನು ಕಲಸಿಕೊಂಡು, ನೀರು ಕುದಿದರೆ ಹೈಡ್ರೋಜನ್ ಮತ್ತು ಆಕ್ಸಿಜನ್ ಆಗಿ ಒಡೆಯುತ್ತದೆ ಅಂತ ಬರೆಯುವವರನ್ನು ನಾನು ಬಹಳ ನೋಡಿದ್ದೇನೆ. ಕುದಿಯುವಾಗ ಬಿಟ್ಟುಹೋಗುವುದು ಹೈಡ್ರೋಜನ್ ಬಂಧಗಳು ಮಾತ್ರ. ಆವಿಯೂ ನೀರೇ.

ಬಲ ಎಷ್ಟು ಅಂತ ಅಂಕಿಯಲ್ಲೇ ನೋಡೋಣ. ನೀರಿನ ಕೋವೇಲೆಂಟ್ ಬಂಧ ಮುರಿಯಲು ಮೋಲ್ (ಅಣುಗಳನ್ನು ಎಣಿಸುವ ಅಳತೆ) ಒಂದಕ್ಕೆ ಸುಮಾರು 460 ಕಿಲೋಜೂಲ್ ಬೇಕು. ಹೈಡ್ರೋಜನ್ ಬಂಧಕ್ಕೆ ಸುಮಾರು 20 ಸಾಕು. ದೇಹದ ಬಿಸಿಯಲ್ಲಿ ಅಣುಗಳ ಓಡಾಟದ ಶಕ್ತಿಯ ಮಟ್ಟ ಸುಮಾರು 2.6. ಕೋವೇಲೆಂಟ್ ಬಂಧವನ್ನು ಈ ಓಡಾಟ ಅಲ್ಲಾಡಿಸಲಾರದು. ಹೈಡ್ರೋಜನ್ ಬಂಧವನ್ನು ಮಾತ್ರ ಆಗಾಗ ಬಿಡಿಸಿಬಿಡುತ್ತದೆ. ದ್ರವ ನೀರಿನಲ್ಲಿ ಒಂದು ಹೈಡ್ರೋಜನ್ ಬಂಧ ಬಾಳುವುದು ಸೆಕೆಂಡಿನ ಲಕ್ಷ ಕೋಟಿಯಲ್ಲೊಂದು ಭಾಗದಷ್ಟು ಹೊತ್ತು. ಬಿಟ್ಟ ಕೂಡಲೇ ಇನ್ನೊಂದು ಕಟ್ಟಿಕೊಳ್ಳುತ್ತದೆ. ನೀರಿಗೆ ನೆನಪಿನ ಶಕ್ತಿ ಇದೆ, ನಮ್ಮ ನೀರಿಗೆ ವಿಶೇಷ ರಚನೆ ಇದೆ ಅಂತ ಯಾರಾದರೂ ಮಾರಲು ಬಂದರೆ ಈ ಅಂಕಿಯನ್ನು ನೆನಪಿಸಿಕೊಳ್ಳಿ. ಅಷ್ಟು ಬೇಗ ಕಳಚಿಕೊಳ್ಳುವ ರಚನೆ ಯಾವ ನೆನಪನ್ನೂ ಇಟ್ಟುಕೊಳ್ಳಲಾರದು.

ಒಂದೊಂದೂ ಕ್ಷಣಿಕ, ಆದರೆ ಒಟ್ಟು ಸೇರಿದರೆ ಪರಿಣಾಮ ದೊಡ್ಡದು. ಹೈಡ್ರೋಜನ್ ಸಲ್ಫೈಡ್ ಅಣು ನೀರಿನ ಅಣುವಿಗಿಂತ ಹೆಚ್ಚುಕಡಿಮೆ ಎರಡು ಪಟ್ಟು ಭಾರ. ಆದರೂ ಅದು ಮೈನಸ್ 60 ಡಿಗ್ರಿ ಸೆಲ್ಸಿಯಸ್ಸಿಗೇ ಕುದಿಯುತ್ತದೆ, ನೀರು 100ಕ್ಕೆ. ಬೆವರು ಆರಿದಾಗ ಮೈ ತಣ್ಣಗಾಗುವುದು, ಮಂಜುಗಡ್ಡೆ ತೇಲುವುದು, ನೂರು ಮೀಟರಿಗೂ ಎತ್ತರದ ಮರದ ತುದಿಗೆ ನೀರು ಕಡಿಯದೆ ಏರುವುದು, ಇವನ್ನೆಲ್ಲ ಪುಸ್ತಕ ಬಿಡಿಬಿಡಿ ಗುಣಗಳಾಗಿ ಪಟ್ಟಿ ಮಾಡುತ್ತದೆ. ನೀವು ಹಾಗೆ ಓದಬೇಡಿ. ಎಲ್ಲದರ ಹಿಂದೆ ಇರುವುದು ಅದೇ ಅಸಮ ಹಂಚಿಕೆ.

ಡಿಎನ್‌ಎಗೆ ಬರೋಣ. ಎಳೆಗಳಲ್ಲಿ ಎ, ಟಿ, ಜಿ, ಸಿ ಎಂಬ ಬೇಸುಗಳು ಎದುರುಬದುರು ಕೂರುತ್ತವೆ. ಎ ಮತ್ತು ಟಿ ನಡುವೆ ಎರಡು ಹೈಡ್ರೋಜನ್ ಬಂಧ, ಜಿ ಮತ್ತು ಸಿ ನಡುವೆ ಮೂರು. ಇದನ್ನು ಅಂಗಿಯ ಗುಂಡಿಗಳ ಹಾಗೆ ನೋಡಿ. ಒಂದು ಗುಂಡಿಯನ್ನು ಮಗುವೂ ಬಿಚ್ಚುತ್ತದೆ, ಸಾಲಾಗಿ ಹಾಕಿದ ಗುಂಡಿಗಳು ಅಂಗಿಯನ್ನು ಹಿಡಿದಿಡುತ್ತವೆ, ಬೇಕಾದಾಗ ಮೇಲಿನ ಎರಡನ್ನು ಮಾತ್ರ ಬಿಚ್ಚಬಹುದು. ಕೋಶಕ್ಕೆ ಬೇಕಿರುವುದೂ ಇದೇ. ನಕಲು ಮಾಡುವಾಗ, ಆರ್‌ಎನ್‌ಎ ಬರೆಯುವಾಗ ಎಳೆಗಳು ಬಿಡಿಸಿಕೊಳ್ಳಬೇಕು. ಎಳೆಗಳ ನಡುವೆ ಕೋವೇಲೆಂಟ್ ಬಂಧ ಇದ್ದಿದ್ದರೆ ಅವನ್ನು ಬಿಡಿಸುವುದೇ ದೊಡ್ಡ ಪಾಡಾಗುತ್ತಿತ್ತು. ಡಿಎನ್‌ಎಯ ಎಳೆಗಳನ್ನು ಹಾಗೆ ಹೊಲಿದುಬಿಡುವ ಕ್ಯಾನ್ಸರ್ ಔಷಧಗಳಿವೆ, ಮೈಟೊಮೈಸಿನ್ ಸಿ ಅಂಥದ್ದೊಂದು. ಡಿಎನ್‌ಎಗೆ ಅದು ಹಾಕುವ ಹೊಲಿಗೆಗಳಿಂದ ಕೋಶ ನಕಲು ಮಾಡಿಕೊಳ್ಳಲಾಗದೆ ಸಾಯುತ್ತದೆ.

ಇಲ್ಲಿ ಪುಸ್ತಕ ಹೇಳದ ಇನ್ನೊಂದು ವಿಷಯವಿದೆ. ಬಿಡಿಸಿಕೊಂಡ ಎಳೆಯ ಬೇಸುಗಳು ಸುತ್ತಲಿನ ನೀರಿನ ಜೊತೆಗೂ ಹೈಡ್ರೋಜನ್ ಬಂಧ ಕಟ್ಟಬಲ್ಲವು. ಹಾಗಾಗಿ ಎರಡು ಎಳೆ ಸೇರಿದಾಗ ಹೈಡ್ರೋಜನ್ ಬಂಧಗಳಿಂದ ಸಿಗುವ ನಿವ್ವಳ ಲಾಭ ನಾವು ಅಂದುಕೊಂಡಷ್ಟಿಲ್ಲ. ಡಿಎನ್‌ಎ ಗಟ್ಟಿಯಾಗಿ ನಿಲ್ಲುವುದರಲ್ಲಿ, ಚಪ್ಪಟೆ ಬೇಸುಗಳು ಒಂದರ ಮೇಲೊಂದು ಒತ್ತಾಗಿ ಪೇರಿಸಿಕೊಳ್ಳುವುದರ ಪಾಲು ದೊಡ್ಡದು. ಯಾರ ಎದುರು ಯಾರು ಕೂರಬೇಕು ಅನ್ನುವುದನ್ನು ಹೈಡ್ರೋಜನ್ ಬಂಧ ನೋಡಿಕೊಳ್ಳುತ್ತದೆ. ಅನುವಂಶೀಯತೆಗೆ ಅದೇ ಮುಖ್ಯ.

ಉಪ್ಪಿನ ಪ್ರಶ್ನೆಗೂ ಉತ್ತರ ನೀರೇ. ಒಣ ಹರಳಿನಲ್ಲಿ ಸೋಡಿಯಂ ಮತ್ತು ಕ್ಲೋರೈಡ್ ಅಯಾನುಗಳ ಸೆಳೆತ ನಿಜಕ್ಕೂ ಗಟ್ಟಿ. ಉಪ್ಪನ್ನು ಕರಗಿಸಿ ದ್ರವ ಮಾಡಬೇಕಾದರೆ 801 ಡಿಗ್ರಿ ಸೆಲ್ಸಿಯಸ್ ಬಿಸಿ ಬೇಕು. ನೀರಿನಲ್ಲಾದರೆ ಎರಡು ಚಾರ್ಜುಗಳ ನಡುವಿನ ಸೆಳೆತ ಸುಮಾರು 80ರಲ್ಲಿ ಒಂದು ಪಾಲಿಗೆ ಇಳಿದುಬಿಡುತ್ತದೆ. ಪ್ರತಿ ಅಯಾನನ್ನೂ ನೀರಿನ ಅಣುಗಳು ಸುತ್ತುವರಿಯುತ್ತವೆ. ಸೋಡಿಯಂ ಕಡೆಗೆ ಆಕ್ಸಿಜನ್ ತುದಿ, ಕ್ಲೋರೈಡ್ ಕಡೆಗೆ ಹೈಡ್ರೋಜನ್ ತುದಿ. ಕೆಮಿಸ್ಟ್ರಿ ಪುಸ್ತಕದಲ್ಲಿ ಅಯಾನಿಕ್ ಬಂಧ ಗಟ್ಟಿ ಅಂತಲೂ ಜೀವಶಾಸ್ತ್ರದ ಪುಸ್ತಕದಲ್ಲಿ ದುರ್ಬಲ ಅಂತಲೂ ಇರುವುದು ಇದಕ್ಕೇ. ಒಂದು ಒಣ ಹರಳಿನ ಮಾತು, ಇನ್ನೊಂದು ನೀರಿನೊಳಗಿನ ಮಾತು.

ಈ ನೀರಿನ ಹೊದಿಕೆ ಜೀವಶಾಸ್ತ್ರದಲ್ಲಿ ಎಷ್ಟು ದೂರ ಹೋಗುತ್ತದೆ ಅಂತ ಹೇಳದೆ ಇರಲಾರೆ, ನನಗೆ ಬಹಳ ಇಷ್ಟವಾದ ಉದಾಹರಣೆ ಇದು. ನರಕೋಶಗಳ ಪೊಟ್ಯಾಶಿಯಂ ಕಾಲುವೆ ಪೊಟ್ಯಾಶಿಯಂ ಅಯಾನನ್ನು ಬಿಡುತ್ತದೆ, ಅದಕ್ಕಿಂತ ಚಿಕ್ಕದಾದ ಸೋಡಿಯಂ ಅಯಾನನ್ನು ತಡೆಯುತ್ತದೆ. ದೊಡ್ಡದು ಹೋಗುವ ದಾರಿಯಲ್ಲಿ ಚಿಕ್ಕದು ಯಾಕೆ ಹೋಗಲಾರದು? ಕಾಲುವೆ ಹೊಕ್ಕಬೇಕಾದರೆ ಅಯಾನು ತನ್ನ ನೀರಿನ ಹೊದಿಕೆ ಕಳಚಬೇಕು. ಕಾಲುವೆಯ ಕಿರಿದಾದ ಭಾಗದ ಗೋಡೆಯಲ್ಲಿ ಆಕ್ಸಿಜನ್ ಪರಮಾಣುಗಳು ನಿಂತಿವೆ, ಪೊಟ್ಯಾಶಿಯಂ ಸುತ್ತ ನೀರಿನ ಆಕ್ಸಿಜನ್ ನಿಂತಿರುವಷ್ಟೇ ದೂರದಲ್ಲಿ. ಪೊಟ್ಯಾಶಿಯಂಗೆ ಕಳೆದುಕೊಂಡದ್ದೆಲ್ಲ ಅಲ್ಲಿ ಮರಳಿ ಸಿಗುತ್ತದೆ. ಚಿಕ್ಕ ಸೋಡಿಯಂಗೆ ಆ ಆಕ್ಸಿಜನ್‌ಗಳು ಸರಿಯಾಗಿ ಎಟುಕುವುದಿಲ್ಲ. ಹೊದಿಕೆ ಕಳಚಿದ ನಷ್ಟ ಭರ್ತಿಯಾಗದ ಕಾರಣ ಅದು ನೀರಿನಲ್ಲೇ ಉಳಿಯುತ್ತದೆ. ರೋಡ್ರಿಕ್ ಮೆಕಿನನ್ ತಂಡ ಇಂಥ ಕಾಲುವೆಯ ರಚನೆಯನ್ನು 1998ರಲ್ಲಿ ತೋರಿಸಿತು. 2003ರ ರಸಾಯನಶಾಸ್ತ್ರದ ನೊಬೆಲ್ ಮೆಕಿನನ್ ಅವರಿಗೂ ಅಕ್ವಾಪೊರಿನ್ ಕಂಡುಹಿಡಿದ ಪೀಟರ್ ಆಗ್ರೆ ಅವರಿಗೂ ಸೇರಿ ಬಂತು. ನೀವು ಬಾಯಿಪಾಠ ಮಾಡಿ ಬಿಟ್ಟ ಅಧ್ಯಾಯ ಇದೇ.

ಎಣ್ಣೆ ನೀರನ್ನು ತಳ್ಳುತ್ತದೆ ಅನ್ನುವುದು ತಪ್ಪು. ಎಣ್ಣೆಯ ಅಣುವಿಗೂ ನೀರಿನ ಅಣುವಿಗೂ ನಡುವೆ ಸಣ್ಣ ಸೆಳೆತ ಇದ್ದೇ ಇದೆ. ತಳ್ಳಾಟ ಇಲ್ಲ. ಎಣ್ಣೆಯಲ್ಲಿ ಇರುವುದು ಬಹುಪಾಲು ಕಾರ್ಬನ್ ಮತ್ತು ಹೈಡ್ರೋಜನ್. 2.55 ಮತ್ತು 2.20, ಹಂಚಿಕೆ ಹೆಚ್ಚುಕಡಿಮೆ ಸಮ. ಆದ್ದರಿಂದ ಹೈಡ್ರೋಜನ್ ಬಂಧ ಕಟ್ಟಲು ನೀರಿಗೆ ಅಲ್ಲಿ ಹಿಡಿ ಸಿಗುವುದಿಲ್ಲ. ಎಣ್ಣೆಯ ಅಣುವನ್ನು ಸುತ್ತುವರಿದ ನೀರಿನ ಅಣುಗಳು ತಮ್ಮ ತಮ್ಮಲ್ಲೇ ಬಂಧ ಉಳಿಸಿಕೊಳ್ಳಲು ಹೆಚ್ಚು ಕಟ್ಟುನಿಟ್ಟಾಗಿ ನಿಲ್ಲಬೇಕಾಗುತ್ತದೆ. ತಿರುಗಾಡುವ ಸ್ವಾತಂತ್ರ್ಯ ಕಡಿಮೆಯಾಗುತ್ತದೆ, ಅಂದರೆ ಎಂಟ್ರೊಪಿ ಇಳಿಯುತ್ತದೆ. ಎಣ್ಣೆಯ ಅಣುಗಳು ಒಂದೆಡೆ ಸೇರಿದರೆ ನೀರಿಗೆ ತಾಗುವ ಮೇಲ್ಮೈ ಕಡಿಮೆ, ಹಾಗೆ ಸಿಕ್ಕಿಕೊಳ್ಳುವ ನೀರಿನ ಅಣುಗಳೂ ಕಡಿಮೆ. ಎಣ್ಣೆ ಒಟ್ಟಾಗುವುದು ನೀರಿನ ಕಾರಣಕ್ಕೆ. ಕೋಶಪೊರೆಯ ಎರಡು ಪದರ ತಾನಾಗಿ ಜೋಡಿಕೊಳ್ಳುವುದಕ್ಕೂ ಪ್ರೋಟೀನ್ ಮಡಚಿಕೊಳ್ಳುವುದಕ್ಕೂ ಇದೇ ದೊಡ್ಡ ಬಲ.

ಎಟಿಪಿಯ ವಿಷಯದಲ್ಲಿ ನಿಮ್ಮ ಕೆಮಿಸ್ಟ್ರಿ ತರಗತಿಯ ಮಾತೇ ಸರಿ. ಬಂಧ ಮುರಿಯಲು ಯಾವಾಗಲೂ ಶಕ್ತಿ ಬೇಕು. ಎಟಿಪಿಯೂ ಇದಕ್ಕೆ ಹೊರತಲ್ಲ. ಬಂಧದೊಳಗೆ ಶಕ್ತಿ ತುಂಬಿಟ್ಟಿದೆ, ಒಡೆದರೆ ಹೊರಗೆ ಚೆಲ್ಲುತ್ತದೆ ಅನ್ನುವ ಚಿತ್ರವನ್ನು ಪೂರ್ತಿ ಬಿಡಿ. ಎಟಿಪಿ ನೀರಿನ ಜೊತೆ ಕ್ರಿಯೆ ನಡೆಸುತ್ತದೆ. ಹಳೆಯ ಬಂಧಗಳು ಹೋಗುತ್ತವೆ, ಹೊಸ ಬಂಧಗಳು ಬರುತ್ತವೆ. ಎಟಿಪಿಯಲ್ಲಿ ಒತ್ತೊತ್ತಾಗಿದ್ದ ಋಣ ಚಾರ್ಜುಗಳು ದೂರವಾಗುತ್ತವೆ. ಬೇರ್ಪಟ್ಟ ಫಾಸ್ಫೇಟ್ ಹೆಚ್ಚು ಸ್ಥಿರ, ನೀರು ಅದನ್ನು ಚೆನ್ನಾಗಿ ಸುತ್ತುವರಿಯುತ್ತದೆ. ಕೊಟ್ಟದ್ದಕ್ಕಿಂತ ಪಡೆದದ್ದು ಜಾಸ್ತಿ. ಆ ಉಳಿಕೆಯೇ ನಾವು ಹೇಳುವ ಶಕ್ತಿ. ಪ್ರಮಾಣಿತ ಸ್ಥಿತಿಯಲ್ಲಿ ಅದು ಮೋಲ್ ಒಂದಕ್ಕೆ ಸುಮಾರು 30 ಕಿಲೋಜೂಲ್, ಜೀವಕೋಶದೊಳಗೆ ಸುಮಾರು 50.

ಕೊನೆಯದು ಪಿಎಚ್. ಇದು ಲಾಗರಿದಮ್ ಅಳತೆ, ಅಂದರೆ ಪಿಎಚ್ ಒಂದು ಇಳಿದರೆ ಹೈಡ್ರೋಜನ್ ಅಯಾನು ಹತ್ತು ಪಟ್ಟಾಗುತ್ತದೆ, ಅನ್ನುವುದನ್ನು ಎಲ್ಲರೂ ಬರೆಯುತ್ತಾರೆ, ಲೆಕ್ಕ ಹಾಕಿ ನೋಡುವವರು ಕಡಿಮೆ. 25 ಡಿಗ್ರಿಯಲ್ಲಿ ಶುದ್ಧ ನೀರಿನ ಪಿಎಚ್ 7. ಅಂದರೆ ಲೀಟರಿಗೆ ಒಂದು ಮೋಲ್‌ನ ಕೋಟಿಯಲ್ಲೊಂದು ಭಾಗ ಹೈಡ್ರೋಜನ್ ಅಯಾನು. ಒಂದು ಲೀಟರಿನಲ್ಲಿ ನೀರು ಸುಮಾರು 55.5 ಮೋಲ್ ಇರುತ್ತದೆ. ಹಾಗಾದರೆ ಧನ ಹೈಡ್ರೋಜನ್ ಅಯಾನು ಮತ್ತು ಋಣ ಹೈಡ್ರಾಕ್ಸೈಡ್ ಅಯಾನು ಆಗಿ ಒಡೆದಿರುವುದು 55 ಕೋಟಿ ಅಣುಗಳಿಗೆ ಒಂದು. ತಟಸ್ಥ ಅಂದರೆ ಅಯಾನುಗಳೇ ಇಲ್ಲ ಅಂತಲ್ಲ, ಧನವೂ ಋಣವೂ ಸಮ ಇವೆ ಅಂತ. ಒಂದು ಸಣ್ಣ ಬ್ಯಾಕ್ಟೀರಿಯಾದ ಗಾತ್ರದ ಜಾಗದಲ್ಲಿ, ಪಿಎಚ್ 7 ಇದ್ದಾಗ, ಯಾವುದೇ ಕ್ಷಣದಲ್ಲಿ ಬಿಡಿಯಾಗಿ ಸಿಗುವ ಹೈಡ್ರೋಜನ್ ಅಯಾನುಗಳು ಸುಮಾರು 60 ಅಷ್ಟೇ!

ರಕ್ತದ ಪಿಎಚ್ 7.35 ಮತ್ತು 7.45ರ ನಡುವೆ ಇರುತ್ತದೆ. 7.4ರಿಂದ 7.1ಕ್ಕೆ ಇಳಿಯಿತು ಅಂದರೆ ಹೈಡ್ರೋಜನ್ ಅಯಾನು ಎರಡು ಪಟ್ಟಾಯಿತು ಅಂತ ಅರ್ಥ. ಈ ಅಯಾನುಗಳು ಪ್ರೋಟೀನಿನ ಗುಂಪುಗಳಿಗೆ ಅಂಟಿಕೊಂಡರೆ ಚಾರ್ಜ್ ಬದಲಾಗುತ್ತದೆ, ಚಾರ್ಜ್ ಬದಲಾದರೆ ಸೆಳೆತಗಳು, ಅದರಿಂದ ಆಕಾರ, ಅದರಿಂದ ಕೆಲಸ. ಆಸ್ಪತ್ರೆಯಲ್ಲಿ 7.1 ಅಂದರೆ ತುರ್ತು ಪರಿಸ್ಥಿತಿ. ಸಾಮಾನ್ಯವಾಗಿ ಹಾಗಾಗದಂತೆ ಬೈಕಾರ್ಬೊನೇಟ್ ಬಫರ್, ಶ್ವಾಸಕೋಶ, ಮೂತ್ರಪಿಂಡ ಮೂರೂ ಸೇರಿ ಕಾಯುತ್ತವೆ. ಕ್ಷಾರೀಯ ನೀರು ಕುಡಿದು ರಕ್ತದ ಪಿಎಚ್ ಏರಿಸುತ್ತೇವೆ ಅನ್ನುವ ಪ್ರಚಾರ ಈ ಕಾವಲನ್ನು ಮರೆತಿದೆ. ಆ ನೀರು ಮೊದಲು ಬೀಳುವುದೇ ಪಿಎಚ್ 2ರ ಆಸುಪಾಸಿನ ಹೊಟ್ಟೆಯ ಆಮ್ಲಕ್ಕೆ.

ಇನ್ನು ಹೇಗೆ ಓದಬೇಕು ಅಂತ ಕೇಳಿದ್ದೀರಿ. ಹೀಗೇ ಬಿಟ್ಟು ಮುಂದೆ ಹೋದರೆ ಈ ವರ್ಷ ತೊಂದರೆ ಕಾಣದಿರಬಹುದು. ಕಿಣ್ವಗಳು, ಕೋಶಪೊರೆಯ ಸಾಗಣೆ, ಉಸಿರಾಟದ ಸರಪಳಿ ಬಂದಾಗ ಪ್ರತಿಯೊಂದನ್ನೂ ಹೊಸದಾಗಿ ಬಾಯಿಪಾಠ ಮಾಡಬೇಕಾಗುತ್ತದೆ. ಆಗ ಹೊರೆ ಹೆಚ್ಚುತ್ತಲೇ ಹೋಗುತ್ತದೆ. ಕೆಮಿಸ್ಟ್ರಿಯನ್ನು ಮೊದಲ ಪುಟದಿಂದ ಓದುವುದರಲ್ಲಿ ಬೇರೆ ಅಪಾಯ. ಕಕ್ಷಕಗಳ ಹೈಬ್ರಿಡೀಕರಣ, ಕ್ವಾಂಟಂ ಸಂಖ್ಯೆಗಳಲ್ಲಿ ತಿಂಗಳುಗಟ್ಟಲೆ ಕಳೆದು, ನೀರಿನ ಅಧ್ಯಾಯಕ್ಕೆ ಬರುವ ಮೊದಲೇ ದಣಿದು ಕೈಬಿಟ್ಟವರನ್ನು ಕಂಡಿದ್ದೇನೆ. ಅನಿಮೇಷನ್ ವಿಡಿಯೊಗಳು ಸಹಾಯ ಮಾಡುತ್ತವೆ. ಆದರೆ ಅವುಗಳಲ್ಲಿ ಅಣುಗಳು ಗುರಿ ಗೊತ್ತಿರುವಂತೆ ನೇರವಾಗಿ ಬಂದು ಕೂರುತ್ತವೆ, ಸುತ್ತಲಿನ ನೀರನ್ನು ಅಳಿಸಿಹಾಕಿರುತ್ತಾರೆ. ನಿಮಗೆ ಈಗ ಕಾಣಬೇಕಾದದ್ದೇ ಆ ನೀರು.

ನನ್ನ ಸಲಹೆ, ಜೀವಶಾಸ್ತ್ರದಿಂದ ಹಿಂದಕ್ಕೆ ಓದಿ. ಪೊಟ್ಯಾಶಿಯಂ ಕಾಲುವೆಯಂಥ ಒಂದು ಪ್ರಶ್ನೆ ಹಿಡಿದು, ಅದಕ್ಕೆ ಬೇಕಾದಷ್ಟು ಕೆಮಿಸ್ಟ್ರಿ ಹುಡುಕಿ. ಇದರಲ್ಲೂ ತೊಡಕಿದೆ. ಮೋಲ್ ಮತ್ತು ಲಾಗರಿದಮ್ ಹೀಗೆ ಬಿಡಿಬಿಡಿಯಾಗಿ ಕೈಗೆ ಹತ್ತುವುದಿಲ್ಲ. ಅವೆರಡನ್ನು ಮಾತ್ರ ಪೆನ್ನು ಹಿಡಿದು ಲೆಕ್ಕ ಮಾಡಿಯೇ ಕಲಿಯಿರಿ. ಪಿಎಚ್ 7.4ರಲ್ಲಿ ಎಷ್ಟು ಅಯಾನು, 7.1ರಲ್ಲಿ ಎಷ್ಟು ಅಂತ ಇವತ್ತೇ ಹಾಕಿ ನೋಡಿ. ಲೀಟರಿಗೆ ಸುಮಾರು 40 ನ್ಯಾನೋಮೋಲ್ ಮತ್ತು 79 ನ್ಯಾನೋಮೋಲ್ ಬರಬೇಕು.

ಆಮೇಲೆ ಒಂದು ಹಾಳೆಯಲ್ಲಿ ಸೋಡಿಯಂ ಅಯಾನು, ಕ್ಲೋರೈಡ್ ಅಯಾನು, ಮೀಥೇನ್ ಅಣು ಮೂರನ್ನೂ ದೂರ ದೂರ ಬರೆಯಿರಿ. ಪ್ರತಿಯೊಂದರ ಸುತ್ತ ನೀರಿನ ಅಣುಗಳನ್ನು ಬಿಡಿಸಿ, ಯಾವ ತುದಿ ಯಾವ ಕಡೆ ಅಂತ ಗುರುತಿಸಿ. ಮೀಥೇನ್ ಹತ್ತಿರ ಕೈ ತಡೆದರೆ ಎಣ್ಣೆಯ ಭಾಗವನ್ನು ಇನ್ನೊಮ್ಮೆ ಓದಿ. ಮೂರೂ ಸಲೀಸಾಗಿ ಬಂದರೆ ಅಮೈನೋ ಆಮ್ಲಗಳ ಅಧ್ಯಾಯ ತೆರೆಯಿರಿ, ಇಪ್ಪತ್ತರಲ್ಲಿ ಯಾವುವು ನೀರಿನ ಕಡೆ, ಯಾವುವು ಒಳಕ್ಕೆ ಅಂತ ಪುಸ್ತಕ ನೋಡದೆ ವಿಂಗಡಿಸಲು ಶುರು ಮಾಡಿ.